ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ: ಪಾಲು ಮಾಡಬೇಕೋ, ಬಾಡಿಗೆಗೆ ಇಡಬೇಕೋ?

ಮೂರು ವರ್ಷದ ಹಿಂದಿನ ಲಗ್ನಸರಾಯಿ. ಗದಗಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರ, ಬಿಲ್ ಬುಕ್, ಜಾತ್ರೆ ಬಂದಾಗ ಬ್ಯಾನರ್. ಆಗಷ್ಟೇ ಲ್ಯಾಪ್‌ಟಾಪಿನ ಡಿಸ್ಕನ್ನು ಎರಡು ಪಾಲು ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಉಬುಂಟು ಎಂಬ ಲಿನಕ್ಸ್ ಇಟ್ಟು ಬೀಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಉಬುಂಟುವಿನಲ್ಲಿ ಏನೋ ಕಲಿಯುತ್ತ ಕೂತಾಗ ಪ್ರೆಸ್ಸಿನಿಂದ ಫೋನು.

"ಅಣ್ಣಾರ, ಪ್ಲೇಟ್ ಮಾಡಾಕ ನಿಂತೇವಿ. ವರನ ಹೆಸರಿನ ಮುಂದ ಬರೇ ಚಿ॥ ಐತಿ, ಚಿ॥ರಾ॥ ಆಗಬೇಕಂತ. ಐದು ನಿಮಿಷದಾಗ ಕಳಸ್ರಿ."

ಫೈಲು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನದು, ಅಕ್ಷರ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಿನವು. ಎರಡೂ ವಿಂಡೋಸ್ ಪಾಲಿನಲ್ಲಿ. ರೀಸ್ಟಾರ್ಟ್ ಕೊಟ್ಟೆ. ವಾರಗಟ್ಟಲೆ ಮುಖ ಕಾಣದ ಸಿಟ್ಟೋ ಏನೋ, ಏಳುತ್ತಲೇ ವಿಂಡೋಸ್ ಅಪ್‌ಡೇಟ್ ಹಾಕಿಕೊಳ್ಳುತ್ತ ಕೂತಿತು. ಚುಕ್ಕಿಗಳು ತಿರುಗಿ ತಿರುಗಿ ಶೇಕಡಾ 30ಕ್ಕೆ ಬಂದು ನಿಂತವು. ಪ್ರೆಸ್ಸಿನವರು ಮತ್ತೆರಡು ಸಲ ಫೋನ್ ಮಾಡಿದರು. ಒಂದು 'ರಾ' ಸೇರಿಸಲು ನಲವತ್ತು ನಿಮಿಷ ಹಿಡಿಯಿತು.

ಪಾಲು ಮಾಡಿದ್ದು ಸರಿಯಾಗಿಯೇ ಇತ್ತು. ಮಾಡುವ ಮೊದಲು ಒಂದು ಲೆಕ್ಕ ಹಾಕಿರಲಿಲ್ಲ ಅಷ್ಟೆ. ಈಗ ಯಾರಾದರೂ "ಎರಡೂ ಬೇಕ್ರಿ, ಹೆಂಗ ಹಾಕಸ್ಲಿ?" ಅಂತ ಬಂದರೆ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅನ್ನುವುದನ್ನು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು: ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ದಿನಕ್ಕೆ ಎಷ್ಟು ಸಲ ಓಡಾಡುತ್ತೀರಿ? ಗೊತ್ತಿಲ್ಲದಿದ್ದರೆ ಒಂದು ವಾರ ಗೋಡೆ ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಎಣಿಸಿ. ತಾಸಿಗೆ ಮೂರು-ನಾಲ್ಕು ಸಲ ಆಚೆ ಈಚೆ ಆಗುವವರಿಗೆ ಡ್ಯುಯಲ್ ಬೂಟ್, ಅಂದರೆ ನಾನು ಮಾಡಿದಂತೆ ಡಿಸ್ಕು ಪಾಲು ಮಾಡಿ ರೀಸ್ಟಾರ್ಟ್ ಮಾಡಿ ದಾಟುವುದು, ಶಿಕ್ಷೆ. ಶನಿವಾರ, ರವಿವಾರ ಮಾತ್ರ ಲಿನಕ್ಸ್ ಮುಟ್ಟುವವರಿಗೆ ಅದರಷ್ಟು ಸುಖ ಬೇರೆ ಇಲ್ಲ. ವರ್ಷಕ್ಕೆ ಎರಡೇ ಸಲ ಬೇಕೆನ್ನುವವರು ಡಿಸ್ಕಿಗೆ ಕೈ ಹಚ್ಚುವುದೇ ಬೇಡ, ಪೆನ್‌ಡ್ರೈವ್ ಸಾಕು.

ಡ್ಯುಯಲ್ ಬೂಟ್ ಅಂದರೆ ಮನೆಗೆ ನಡುಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಬೇರೆಯಾದ ಹಾಗೆ. ಆದರೆ ಇಲ್ಲಿ ಅಣ್ಣ ಎದ್ದಿದ್ದರೆ ತಮ್ಮ ಮಲಗಿರಲೇಬೇಕು, ಇಬ್ಬರೂ ಒಟ್ಟಿಗೆ ಏಳುವಂತಿಲ್ಲ. ವರ್ಚುವಲ್ ಮಷೀನ್, ಅಂದರೆ ಒಂದು ವ್ಯವಸ್ಥೆಯೊಳಗೇ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರು, ಬಾಡಿಗೆಯವರ ಹಾಗೆ. ಮಾಲೀಕ ಒಬ್ಬನೇ, ಒಂದು ಖೋಲಿ ಬಿಟ್ಟುಕೊಟ್ಟಿದ್ದಾನೆ, ಇಬ್ಬರೂ ಏಕಕಾಲಕ್ಕೆ ಎದ್ದಿರುತ್ತಾರೆ, ನೀರು ಮಾತ್ರ ಒಂದೇ ಟಾಕಿಯದು. ಆ ಟಾಕಿಯೇ ರ‍್ಯಾಮ್. ಒಂದೇ ಟಾಕಿಯಲ್ಲಿ ಎರಡು ಸಂಸಾರ ನಡೆಸುವುದು ಏನೆಂದು ಗದಗಿನವರಿಗೂ ಹುಬ್ಬಳ್ಳಿಯವರಿಗೂ ನಾನು ಬಿಡಿಸಿ ಹೇಳಬೇಕಿಲ್ಲ.

ಡ್ಯುಯಲ್ ಬೂಟ್: ಪೂರ್ತಿ ಯಂತ್ರ, ಪೂರ್ತಿ ತಲೆನೋವು

ಇದರ ದೊಡ್ಡ ಗುಣ ಒಂದೇ. ಎದ್ದವನಿಗೆ ಯಂತ್ರವೆಲ್ಲ ತನ್ನದೇ. 8 ಜಿಬಿ ರ‍್ಯಾಮ್ ಇದ್ದರೆ 8 ಜಿಬಿಯೂ ಅವನಿಗೇ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್, ವೈಫೈ, ಯುಎಸ್‌ಬಿ ಎಲ್ಲದರ ಜೊತೆ ನೇರ ವ್ಯವಹಾರ, ನಡುವೆ ಯಾರೂ ಇಲ್ಲ. ಹಾಗಾಗಿ ರ‍್ಯಾಮ್ 8 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದು, ಎರಡೂ ವ್ಯವಸ್ಥೆಗಳಲ್ಲಿ ಗಂಟೆಗಟ್ಟಲೆ ಕೂತು ಕೆಲಸ ಮಾಡುವವರಿಗೆ ಇದೇ ದಾರಿ. ಆಟ ಆಡುವ ಹುಡುಗರಿಗೂ ಇದೇ. ವ್ಯಾಲರಂಟ್‌ನಂಥ ಆಟದ ಮೋಸ ಹಿಡಿಯುವ ವ್ಯವಸ್ಥೆ ವಿಂಡೋಸಿನ ಕರ್ನಲ್ ಮಟ್ಟದಲ್ಲಿ, ಅಂದರೆ ಅದರ ತಿರುಳಿನಲ್ಲೇ ಕೂರುತ್ತದೆ. ಲಿನಕ್ಸಿನಲ್ಲಿ ಆ ಆಟ ನಡೆಯುವುದಿಲ್ಲ, ವರ್ಚುವಲ್ ಮಷೀನ್ ಒಳಗಿನ ವಿಂಡೋಸಿನಲ್ಲೂ ನಡೆಯುವುದಿಲ್ಲ. ಆನ್‌ಲೈನ್ ಪರೀಕ್ಷೆಗೆ ಹಾಕಿಸುವ ಲಾಕ್‌ಡೌನ್ ಬ್ರೌಸರುಗಳಲ್ಲೂ ಹಲವು, ವರ್ಚುವಲ್ ಮಷೀನ್ ಎಂದು ಗೊತ್ತಾದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತವೆ. ಪರೀಕ್ಷೆ ಇರುವ ವಿದ್ಯಾರ್ಥಿಯ ಹತ್ತಿರ ಅಸಲಿ ವಿಂಡೋಸ್ ಒಂದು ಇರಲಿ.

ಇನ್ನು ತಲೆನೋವು. ಇದರಲ್ಲಿ ಮೊದಲನೆಯದನ್ನು ಬೇಕೆಂದೇ ಉದ್ದ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಸಿಕ್ಕಿಕೊಂಡವರನ್ನು ಈಗ ಬಹಳ ನೋಡುತ್ತಿದ್ದೇನೆ.

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹೊಸ ಲ್ಯಾಪ್‌ಟಾಪ್, ವಿಂಡೋಸ್ 11. ರೂಮಿನ ಗೆಳೆಯರ ಜೊತೆ ಕೂತು, ಯಾವುದೋ ವಿಡಿಯೊ ನೋಡಿ, ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸಿಗೆ ಹೋಗಿ, ಅಪರಿಚಿತ ಸಾಫ್ಟ್‌ವೇರ್ ಏಳದಂತೆ ಕಾಯುವ ಸೆಕ್ಯೂರ್ ಬೂಟ್ ಆಫ್ ಮಾಡಿದ. ಮರುದಿನ ಲ್ಯಾಬ್ ಪರೀಕ್ಷೆ. ರಾತ್ರಿ ಹನ್ನೊಂದಕ್ಕೆ ಫೋನು.

"ಮಾಮಾ, ನೀಲಿ ಪರದೆ ಬಂದೈತಿ. ನಲವತ್ತೆಂಟು ಅಂಕಿ ಕೇಳಾಕತ್ತೈತಿ. ನಾ ಯಾವ ಪಾಸ್‌ವರ್ಡೂ ಇಟ್ಟಿಲ್ಲ!"

ಅವನು ಇಟ್ಟಿರಲಿಲ್ಲ ನಿಜ, ವಿಂಡೋಸ್ ಇಟ್ಟಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಖಾತೆ ಕೊಟ್ಟು ಸೆಟಪ್ ಮಾಡಿದರೆ ಡಿಸ್ಕು ತಾನಾಗಿ ಬೀಗ ಹಾಕಿಕೊಳ್ಳುವುದುಂಟು. ಇದನ್ನೇ ಬಿಟ್‌ಲಾಕರ್ ಅನ್ನುವುದು, ಹೋಮ್ ಆವೃತ್ತಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತ ಕಾಣುತ್ತದೆ. 2024ರ 24ಎಚ್2 ಆವೃತ್ತಿಯಿಂದ ಈಚೆಗೆ ಇದು ಇನ್ನೂ ಹೆಚ್ಚು ಯಂತ್ರಗಳಲ್ಲಿ ತಾನಾಗಿ ಆನ್ ಆಗುತ್ತಿದೆ. ದಿನನಿತ್ಯ ಇದು ಇರುವುದೇ ತಿಳಿಯುವುದಿಲ್ಲ. ಸೆಕ್ಯೂರ್ ಬೂಟಿಗೋ ಬೂಟ್ ವ್ಯವಸ್ಥೆಗೋ ಕೈ ಹಚ್ಚಿದಾಗ "ಕಳ್ಳ ಬಂದ" ಎಂದುಕೊಂಡು 48 ಅಂಕಿಯ ಕೀಲಿ ಕೇಳುತ್ತದೆ. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಖಾತೆ ಯಾರದು? ಖರೀದಿ ಮಾಡಿದ ದಿನ ಅಂಗಡಿಯಲ್ಲೇ ಸೆಟಪ್ ಮಾಡಿಸುವಾಗ ಭಾವನವರ ಇಮೇಲ್ ಹಾಕಿದ್ದರು. ಓಟಿಪಿ ಹೋಗುವುದು ಭಾವನವರ ಫೋನಿಗೆ. ಭಾವನವರು ಹಾವೇರಿಯಲ್ಲಿ ಫೋನ್ ಸೈಲೆಂಟ್ ಮಾಡಿ ಮಲಗಿದ್ದಾರೆ. ಅಕ್ಕನ ಫೋನಿಗೆ ಮಾಡಿ, ಅಕ್ಕ ಅವರನ್ನು ಎಬ್ಬಿಸಿ, ಅವರು ಕನ್ನಡಕ ಹುಡುಕಿ ಓಟಿಪಿ ಓದುವ ಹೊತ್ತಿಗೆ ಹನ್ನೆರಡೂವರೆ. ಅದಾದ ಮೇಲೆ 48 ಅಂಕಿಗಳನ್ನು ಆರಾರರಂತೆ ನಾನು ಫೋನಿನಲ್ಲಿ ಓದಿ ಹೇಳಿದೆ, ಹುಡುಗ ಒತ್ತಿದ.

ಆದ್ದರಿಂದ ಡಿಸ್ಕು ಮುಟ್ಟುವ ಮೊದಲು ಆ ಕೀಲಿಯನ್ನು ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ನೋಟ್‌ಪ್ಯಾಡಿನಲ್ಲಿ ಇಟ್ಟವರನ್ನೂ ನೋಡಿದ್ದೇನೆ, ಮನೆ ಕೀಲಿಯನ್ನು ಮನೆಯೊಳಗೇ ಇಟ್ಟು ಕದ ಹಾಕಿಕೊಂಡ ಹಾಗೆ. ಇನ್ನೊಂದು ಮಾತು: ಉಬುಂಟು, ಫೆಡೋರಾ, ಡೆಬಿಯನ್ ಇವೆಲ್ಲ ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ಏಳುತ್ತವೆ. ಹಳೆಯ ವಿಡಿಯೊ ನೋಡಿ ಅದನ್ನು ಆರಿಸುವ ಅಗತ್ಯ ಬಹುತೇಕರಿಗೆ ಇಲ್ಲ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸಿಗೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗುವುದಿಲ್ಲ. ಅರ್ಧ ನೆನಪನ್ನು ಡಿಸ್ಕಿನ ಮೇಲೆ ಬರೆದಿಟ್ಟು ಕಣ್ಣು ಮುಚ್ಚುತ್ತದೆ. ಆಗ ಲಿನಕ್ಸಿನಿಂದ ವಿಂಡೋಸ್ ಪಾಲನ್ನು ತೆರೆದರೆ ಓದಬಹುದು, ಬರೆಯಲು ಬಿಡುವುದಿಲ್ಲ. "ಫೈಲ್ ಸೇವ್ ಆಗವಲ್ದು" ಎಂದು ಬರುವವರಲ್ಲಿ ಹೆಚ್ಚಿನವರದು ಇದೇ ಕಥೆ. ಕಂಟ್ರೋಲ್ ಪ್ಯಾನಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ ಅದರ ಗುರುತು ತೆಗೆದರೆ ಮುಗಿಯಿತು.

ಮೂರನೆಯದು ಗಡಿಯಾರ. ಲ್ಯಾಪ್‌ಟಾಪಿನೊಳಗಿನ ಗಡಿಯಾರ ಭಾರತದ ಸಮಯ ತೋರಿಸುತ್ತದೆ ಎಂದು ವಿಂಡೋಸ್ ನಂಬುತ್ತದೆ. ಅದು ವಿಶ್ವಮಾನ ಸಮಯ ಎಂದು ಲಿನಕ್ಸ್ ನಂಬುತ್ತದೆ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರ ಸರಿಯಾಗಿ ಐದೂವರೆ ತಾಸು ಹಿಂದೆ ಬಿದ್ದಿದ್ದರೆ ಬ್ಯಾಟರಿ ಸೆಲ್ ಹೋಗಿದೆ ಎಂದು ಸೆಲ್ ಬದಲಾಯಿಸಬೇಡಿ. ಸ್ಥಳೀಯ ಸಮಯವನ್ನೇ ಇಟ್ಟುಕೋ ಎಂದು ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಇಬ್ಬರೂ ಒಪ್ಪುತ್ತಾರೆ.

ನಾಲ್ಕನೆಯದು ಬದು ಒತ್ತುವುದು. ಹೊಲ ಪಾಲಾದ ಮೇಲೂ ದೊಡ್ಡವನು ವರ್ಷಕ್ಕೊಂದು ಗೇಣು ಬದು ಈಚೆ ತಳ್ಳುತ್ತಾನಲ್ಲ, ಹಾಗೆ ವಿಂಡೋಸ್ ಆಗಾಗ ತಾನೇ ಮೊದಲು ಏಳುವಂತೆ ಪಟ್ಟಿಯಲ್ಲಿ ಮೇಲೆ ಕೂರುತ್ತದೆ. 2024ರ ಆಗಸ್ಟಿನ ಒಂದು ಭದ್ರತಾ ಅಪ್‌ಡೇಟ್ ಬಂದ ಮೇಲಂತೂ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರುಗಳಲ್ಲಿ ಹಳೆಯವನ್ನು ತಡೆಯಲು ಹಾಕಿದ ಬಲೆಯಲ್ಲಿ ಹೊಸವೂ ಬಿದ್ದವು. ಪೂರ್ತಿ ಸರಿಯಾಗುವ ಹೊತ್ತಿಗೆ 2025ರ ಮೇ. ಇಂಥ ದಿನಕ್ಕಾಗಿ ಲಿನಕ್ಸ್ ಹಾಕಿದ ಪೆನ್‌ಡ್ರೈವನ್ನು ಅಳಿಸದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿರಬೇಕು.

ಹಾಕುವ ಕ್ರಮದ ಬಗ್ಗೆ ಚಿಕ್ಕದಾಗಿ. ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಜಾಗ ಬಿಡಿಸುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡಿ, ತನ್ನ ಸಾಮಾನು ಎಲ್ಲೆಲ್ಲಿದೆ ಎಂದು ಅದಕ್ಕೇ ಚೆನ್ನಾಗಿ ಗೊತ್ತು. 512 ಜಿಬಿ ಡಿಸ್ಕು ಅಲ್ಲಿ 476 ಎಂದು ಕಾಣುತ್ತದೆ, ಅಂಗಡಿಯವನು ಮೋಸ ಮಾಡಿಲ್ಲ, ಎಣಿಸುವ ರೀತಿ ಬೇರೆ. ಉಬುಂಟು ಕನಿಷ್ಠ 25 ಜಿಬಿ ಕೇಳುತ್ತದೆ. 60ರಿಂದ 80 ಕೊಟ್ಟರೆ ವರ್ಷದೊಳಗೆ ಮತ್ತೆ ಮೋಜಣಿಗೆ ಕೂರಬೇಕಾಗುವುದಿಲ್ಲ. ಕೆಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಆರ್‌ಎಸ್‌ಟಿ ಎಂಬ ವ್ಯವಸ್ಥೆಯ ಕೆಳಗಿದ್ದರೆ ಲಿನಕ್ಸ್ ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ಬಯೋಸಿನಲ್ಲಿ ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು. ಆದರೆ ವಿಂಡೋಸನ್ನು ಮೊದಲು ಸೇಫ್ ಮೋಡಿಗೆ ಅಣಿ ಮಾಡದೆ ಬದಲಿಸಿದರೆ ಆ ಕಡೆ ವಿಂಡೋಸ್ ಏಳುವುದಿಲ್ಲ. ಈ ಹಂತಕ್ಕೆ ಬಂದು ಎದೆ ಡವಡವ ಅಂದರೆ ಅಲ್ಲೇ ನಿಲ್ಲಿಸಿ, ಗೊತ್ತಿದ್ದವರನ್ನು ಕರೆಯಿರಿ.

ಮತ್ತೆ ಕರೆಂಟು. ಬ್ಯಾಟರಿ ಸತ್ತು ಚಾರ್ಜರ್ ಮೇಲೆಯೇ ಬದುಕಿರುವ ಲ್ಯಾಪ್‌ಟಾಪಿನಲ್ಲಿ ಬೇಸಿಗೆಯ ಮಧ್ಯಾಹ್ನ ಪಾಲಿನ ಕೆಲಸಕ್ಕೆ ಕೂರಬೇಡಿ. ಡಿಸ್ಕು ಕುಗ್ಗಿಸುವ ನಡುವೆ ಕರೆಂಟು ಹೋದರೆ ಎರಡೂ ಪಾಲು ಹೋಗಬಹುದು. ಬ್ಯಾಕಪ್ ಇದ್ದವನು ಚಹಾ ಕುಡಿಯುತ್ತಾನೆ, ಇಲ್ಲದವನು ಡೇಟಾ ರಿಕವರಿಯವರ ಹತ್ತಿರ ಕುರ್ಚಿ ಹುಡುಕುತ್ತಾನೆ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಎಂ.2 ಸ್ಲಾಟ್ ಖಾಲಿ ಇದ್ದರೆ ಈ ರಗಳೆಯಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ಬೇರೆ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸನ್ನು ಅದರಲ್ಲೇ ಇಡಿ. ನಡುಗೋಡೆಯ ಬದಲು ಬೇರೆ ಮನೆ. ಡ್ಯುಯಲ್ ಬೂಟೇ ಬೇಕೆನ್ನುವವರಿಗೆ ನಾನು ಮನಸಾರೆ ಹೇಳುವುದು ಇದನ್ನು. ಹಿಂಬದಿಯ ಕವರ್ ಬಿಚ್ಚಿ ನೋಡುವ ಮೊದಲು ವಾರಂಟಿ ಕಾಗದ ಓದಿಕೊಳ್ಳಿ.

ಬಾಡಿಗೆಯವರು: ವರ್ಚುವಲ್ ಮಷೀನ್

ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರುಗಳಲ್ಲಿ ವರ್ಚುವಲ್‌ಬಾಕ್ಸ್ ಪುಕ್ಕಟೆ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊಗೆ ಮೊದಲು ದುಡ್ಡು ಕೊಡಬೇಕಿತ್ತು, 2024ರ ನವೆಂಬರಿನಿಂದ ಅದೂ ಎಲ್ಲರಿಗೂ ಪುಕ್ಕಟೆ. ಹೈಪರ್-ವಿ ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಇರುತ್ತದೆ, ಹೋಮ್‌ನಲ್ಲಿ ಇರುವುದಿಲ್ಲ. ಯಾವುದೇ ಆಗಲಿ, ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದ ಕೆಳಗೆ ವರ್ಚುವಲೈಸೇಷನ್ ಎನೇಬಲ್ಡ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ಬಯೋಸಿನಲ್ಲಿ ಆನ್ ಮಾಡಬೇಕು.

ಇಲ್ಲಿ ಎಲ್ಲ ಮಾತೂ ಟಾಕಿಗೆ ಬಂದು ನಿಲ್ಲುತ್ತದೆ. ವಿಂಡೋಸ್ 11 ಸುಮ್ಮನೆ ಕೂತಾಗಲೇ ನನ್ನ ಯಂತ್ರದಲ್ಲಿ ಮೂರೂವರೆಯಿಂದ ನಾಲ್ಕು ಜಿಬಿ ಕುಡಿಯುತ್ತದೆ. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ಬಾಡಿಗೆಯವನಿಗೆ 4 ಕೊಟ್ಟಿರೋ, ಕ್ರೋಮ್ ತೆರೆದ ಕೂಡಲೇ ಇಬ್ಬರ ನಲ್ಲಿಯಲ್ಲೂ ಬರೀ ಗಾಳಿ. 16 ಜಿಬಿ ಇದ್ದರೆ ಆರಾಮು. ರ‍್ಯಾಮ್ ಹೆಚ್ಚಿಸಲು ಬರುವ ಯಂತ್ರವಾದರೆ, ಪಾಲು ಮಾಡಿಸಲು ಕೊಡುವ ದುಡ್ಡನ್ನು ರ‍್ಯಾಮಿಗೆ ಹಾಕಿ ಎನ್ನುತ್ತೇನೆ.

ಬದಲಿಗೆ ಸಿಗುವುದು ನಿಶ್ಚಿಂತೆ. ಇಡೀ ಲಿನಕ್ಸು ವಿಂಡೋಸಿನ ಕಣ್ಣಿಗೆ ಒಂದು ದೊಡ್ಡ ಫೈಲು. ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಅದೇ ಬ್ಯಾಕಪ್. ಏನಾದರೂ ಪ್ರಯೋಗ ಮಾಡುವ ಮೊದಲು ಸ್ನ್ಯಾಪ್‌ಶಾಟ್ ತೆಗೆದು, ಕೆಟ್ಟರೆ ಮೊದಲಿನ ಸ್ಥಿತಿಗೆ ಬರಬಹುದು. ಬೇಡವಾದರೆ ಅಳಿಸಿ, ಕುರುಹೂ ಉಳಿಯುವುದಿಲ್ಲ. ಡ್ಯುಯಲ್ ಬೂಟನ್ನು ಹಾಗೆ ಕೊಡವಿಕೊಳ್ಳಲು ಬರುವುದಿಲ್ಲ. ಲಿನಕ್ಸ್ ಪಾಲನ್ನು ಅಳಿಸಿದ ಮೇಲೂ ಅದರ ಬೂಟ್‌ಲೋಡರ್ ಗ್ರಬ್ ಹೊಸ್ತಿಲಲ್ಲೇ ಕೂತಿರುತ್ತದೆ, ಮರುದಿನ ಕಪ್ಪು ಪರದೆಯ ಮೇಲೆ ಒಂದೇ ಸಾಲು ಮಿಣಮಿಣ ಅನ್ನುತ್ತದೆ. ಮೊದಲು ಬಯೋಸಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲೆ ತಂದು, ಆಮೇಲೆ ಅಳಿಸಬೇಕು.

ವರ್ಚುವಲ್‌ಬಾಕ್ಸ್ ಹಾಕಿ "ಭಾಳ ಸ್ಲೋ ಐತ್ರಿ" ಅನ್ನುವವರಿಗೆ ಒಂದು ಗುಟ್ಟು. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ, ವಿಂಡೋಸಿನ ಹೈಪರ್-ವಿ ಎಚ್ಚರ ಇದೆ, ವರ್ಚುವಲ್‌ಬಾಕ್ಸ್ ಅದರ ಹೆಗಲ ಮೇಲೆ ಕೂತು ನಡೆಯುತ್ತಿದೆ ಎಂದರ್ಥ. ಇಂಥ ಚಿತ್ರವನ್ನು ನಿಜವಾಗಿಯೂ ಇಟ್ಟವರ ಪ್ರಾಮಾಣಿಕತೆಗೆ ಮೆಚ್ಚಬೇಕು.

ಇದನ್ನು ತಿರುವುಮುರುವು ಮಾಡಿ ಲಿನಕ್ಸನ್ನು ಮಾಲೀಕ, ವಿಂಡೋಸನ್ನು ಬಾಡಿಗೆಯವನು ಮಾಡಲೂ ಬರುತ್ತದೆ. ಆದರೆ ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಲೈಸೆನ್ಸು ಆ ಯಂತ್ರಕ್ಕೆ ಕಟ್ಟಿದ್ದು, ವರ್ಚುವಲ್ ಮಷೀನಿನೊಳಗೆ ತಾನಾಗಿ ಆಕ್ಟಿವೇಟ್ ಆಗುವುದಿಲ್ಲ. ಬೇರೆ ಲೈಸೆನ್ಸಿನ ಖರ್ಚು ಲೆಕ್ಕದಲ್ಲಿರಲಿ.

ಡಬ್ಲ್ಯುಎಸ್‌ಎಲ್: ಹುಡುಗರಿಗೆ ಇದೇ ಸಾಕು

ಕಂಪ್ಯೂಟರ್ ಸೈನ್ಸ್ ಓದುವ ಹುಡುಗ "ನನಗ ಲಿನಕ್ಸ್ ಬೇಕು" ಅಂದಾಗ ಬಿಡಿಸಿ ಕೇಳಿದರೆ ಅವನಿಗೆ ಬೇಕಾದದ್ದು ಟರ್ಮಿನಲ್ಲು, ಸಿ ಕಂಪೈಲರ್, ಪೈಥಾನ್, ಗಿಟ್, ಡಾಕರ್. ಇಷ್ಟಕ್ಕೆ ಡಿಸ್ಕು ಸೀಳಬೇಕಿಲ್ಲ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2016ರಲ್ಲಿ ಬಂತು. 2020ರ ಎರಡನೇ ಆವೃತ್ತಿಯಲ್ಲಿ ಅಸಲಿ ಲಿನಕ್ಸ್ ಕರ್ನಲ್ಲೇ ಒಳಗೆ ಬಂದು ಕೂತಿತು. ಒಂದು ಆಜ್ಞೆ, ಒಂದು ರೀಸ್ಟಾರ್ಟ್, ಉಬುಂಟು ಸಿದ್ಧ. ವಿಂಡೋಸ್ 11ರಲ್ಲಿ ಲಿನಕ್ಸಿನ ಕಿಟಕಿಗಳೂ ವಿಂಡೋಸ್ ಕಿಟಕಿಗಳ ಪಕ್ಕದಲ್ಲೇ ತೆರೆದುಕೊಳ್ಳುತ್ತವೆ. ಒಂದು ಕಡೆ ವರ್ಡಿನಲ್ಲಿ ಲ್ಯಾಬ್ ರೆಕಾರ್ಡ್, ಇನ್ನೊಂದು ಕಡೆ ಟರ್ಮಿನಲ್ಲು. ತಾಸಿಗೆ ಹತ್ತು ಸಲ ಓಡಾಡುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಎರಡು ಮಾತು ನೆನಪಿಡಿ. ಪ್ರಾಜೆಕ್ಟಿನ ಫೈಲುಗಳನ್ನು ಲಿನಕ್ಸಿನ ಮನೆಯೊಳಗೇ ಇಟ್ಟುಕೊಳ್ಳಿ. ವಿಂಡೋಸಿನ ಸಿ ಡ್ರೈವಿನಲ್ಲಿಟ್ಟು ಲಿನಕ್ಸಿನಿಂದ ಎಳೆದರೆ ಎತ್ತಿನ ಗಾಡಿ. ಮತ್ತೆ, ಸುಮ್ಮನೆ ಬಿಟ್ಟರೆ ಇದು ಯಂತ್ರದ ಅರ್ಧ ರ‍್ಯಾಮಿನವರೆಗೆ ಬಳಸಬಹುದು, ಸೆಟ್ಟಿಂಗ್ ಫೈಲಿನಲ್ಲಿ ಮಿತಿ ಹಾಕಲು ಬರುತ್ತದೆ. ಯುಎಸ್‌ಬಿಗೆ ಸಿಕ್ಕಿಸಿದ ಬೋರ್ಡು, ಡಾಂಗಲ್ಲು ಇದಕ್ಕೆ ನೇರ ಕಾಣುವುದಿಲ್ಲ, ಬೇರೆ ಸಾಧನ ಹಾಕಿ ದಾಟಿಸಬೇಕು. ಕರ್ನಲ್ ಬಿಚ್ಚಿ ಕಲಿಯುವವರಿಗೆ, ವೈಫೈ ಕಾರ್ಡಿನ ಮೇಲೆ ಪ್ರಯೋಗ ಮಾಡುವವರಿಗೆ ಇದು ಸಾಲದು. ಹಾಗೇ ಲಿನಕ್ಸನ್ನೇ ಮನೆ ಮಾಡಿಕೊಂಡು ಬದುಕಿ ನೋಡಬೇಕು ಎನ್ನುವವರಿಗೂ.

ಪೆನ್‌ಡ್ರೈವ್

8 ಜಿಬಿ ಪೆನ್‌ಡ್ರೈವಿಗೆ, ಅದರಿಂದಲೇ ಯಂತ್ರ ಏಳುವಂತೆ ಮಾಡುವ ವೆಂಟಾಯ್ ಹಾಕಿ, ಮೇಲೆ ಲಿನಕ್ಸ್ ಮಿಂಟಿನ ಐಎಸ್‌ಒ ಫೈಲು ಕಾಪಿ ಮಾಡಿದರೆ ಆಯಿತು. ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಬಹುದು. ನಿಮ್ಮ ವೈಫೈ, ಸದ್ದು, ಟಚ್‌ಪ್ಯಾಡ್ ಲಿನಕ್ಸಿಗೆ ಒಗ್ಗುತ್ತವೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಯಾವ ದಾರಿ ಆರಿಸಿದರೂ ಮೊದಲು ಇದನ್ನು ಮಾಡಿ. ಹೊರಗಿನ ಎಸ್‌ಎಸ್‌ಡಿಗೆ ಪೂರ್ತಿ ಇನ್‌ಸ್ಟಾಲ್ ಮಾಡುವುದೂ ಚೆನ್ನಾಗಿದೆ, ಆದರೆ ಉಬುಂಟುವಿನ ಹಳೆಯ ಇನ್‌ಸ್ಟಾಲರು ಲಿನಕ್ಸನ್ನು ಹೊರಗಿಟ್ಟು ಬೂಟ್‌ಲೋಡರನ್ನು ಮಾತ್ರ ಒಳಗಿನ ಡಿಸ್ಕಿಗೆ ಬರೆಯುತ್ತಿತ್ತು. ಎಸ್‌ಎಸ್‌ಡಿ ತೆಗೆದು ಊರಿಗೆ ಹೋದವನ ಲ್ಯಾಪ್‌ಟಾಪ್ ಊರಲ್ಲಿ ಏಳುತ್ತಿರಲಿಲ್ಲ. ಹಾಗಾದರೆ ಗಾಬರಿ ಬೇಡ. ಆನ್ ಮಾಡುವಾಗ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ವಿಂಡೋಸ್ ಬರುತ್ತದೆ.

ಮ್ಯಾಕ್ ಇದ್ದವರಿಗೆ: 2020ರ ಕೊನೆಗೆ ಬಂದ ಎಂ1 ಚಿಪ್ಪಿನ ಮತ್ತು ಅದರ ನಂತರದ ಯಂತ್ರಗಳಲ್ಲಿ, ಡ್ಯುಯಲ್ ಬೂಟಿಗೆ ವಿಂಡೋಸ್ ಹಾಕಿಕೊಡುತ್ತಿದ್ದ ಬೂಟ್ ಕ್ಯಾಂಪ್ ಇಲ್ಲ. ವಿಂಡೋಸ್ ಬೇಕಾದರೆ ಪ್ಯಾರಲಲ್ಸ್‌ನಂಥ ವರ್ಚುವಲ್ ಮಷೀನೇ ಗತಿ.

ನುಡಿ ಬರೆಯುವವರ ಲೆಕ್ಕ ಬೇರೆ

ನಮ್ಮ ಕಡೆ ಎಷ್ಟೋ ಜನ ವಿಂಡೋಸ್ ಬಿಡಲಾರದೆ ಉಳಿದಿರುವುದು ಎರಡು ಕಾರಣಕ್ಕೆ: ಟ್ಯಾಲಿ ಮತ್ತು ನುಡಿ. ಟ್ಯಾಲಿಯ ಮಾತು ಲೆಕ್ಕಪತ್ರದವರಿಗೆ ಬಿಟ್ಟೆ, ನನ್ನದು ನುಡಿಯ ಊರು.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ವಿಂಡೋಸಿಗಾಗಿ ಬಂದದ್ದು. ಅದರಲ್ಲಿ ಬೆರಳು ಪಳಗಿದವರಿಗೆ ಲಿನಕ್ಸ್ ಅಂದರೆ ಕೈ ಕಟ್ಟಿದ ಹಾಗೆ ಅನಿಸುತ್ತದೆ. ಅಷ್ಟು ಹೆದರಬೇಕಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ಲಿನಕ್ಸಿನಲ್ಲೂ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ. ಯುನಿಕೋಡ್ ಕನ್ನಡ ಸರಾಗ ಬರುತ್ತದೆ, ಈ ಬರಹವನ್ನೂ ಹಾಗೇ ಟೈಪ್ ಮಾಡಿದ್ದು.

ತೊಡಕು ಹಳೆಯ ಫೈಲುಗಳದು. ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇದ್ದರೆ 'ಆಮಂತ್ರಣ', ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಕಸ. ಆ ಫಾಂಟುಗಳನ್ನು ಲಿನಕ್ಸಿಗೆ ಕಾಪಿ ಮಾಡಿಕೊಂಡರೆ ವರ್ಡ್ ಫೈಲು ಲಿಬ್ರೆ ಆಫೀಸಿನಲ್ಲಿ ಓದಲು ಬರುತ್ತದೆ. ಪೇಜ್‌ಮೇಕರ್ ಫೈಲನ್ನು ಲಿಬ್ರೆ ಆಫೀಸ್ ತೆರೆದರೂ ಮತ್ತೆ ಪೇಜ್‌ಮೇಕರ್ ಫೈಲಾಗಿ ಉಳಿಸಲು ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತೇ ಇಲ್ಲ. ಆದರೂ ಇವತ್ತಿಗೂ ಗದಗಿನ ಪ್ರೆಸ್ಸುಗಳಿಗೆ ನಾನು ಕಳಿಸುವುದರಲ್ಲಿ ಅರ್ಧ ಆ ಫೈಲುಗಳೇ. ಸಮಾಧಾನ ಏನೆಂದರೆ ಅಷ್ಟು ಹಳೆಯ ಸಾಫ್ಟ್‌ವೇರಿಗೆ ಬೇಕಾದ ಬಲವೂ ಅಷ್ಟೇ ಕಡಿಮೆ. ವರ್ಚುವಲ್ ಮಷೀನಿನೊಳಗಿನ ವಿಂಡೋಸಿನಲ್ಲಿ ಅದು ಹಗುರಾಗಿ ಓಡುತ್ತದೆ. ಕೋರೆಲ್ ಡ್ರಾದ ದೊಡ್ಡ ಬ್ಯಾನರ್ ಮಾತ್ರ ಅಲ್ಲಿ ಏದುಸಿರು ಬಿಡುತ್ತದೆ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ಉಪಾಯ ಇಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಬರುವುದಿಲ್ಲ, ಇಂಟೆಲ್ಲಿನ ಏಳನೇ ತಲೆಮಾರಿನವು ಮತ್ತು ಅದಕ್ಕೂ ಹಿಂದಿನವು ಹೆಚ್ಚುಕಡಿಮೆ ಎಲ್ಲವೂ ಹೊರಗೇ ಉಳಿದವು. ಅಂಥದ್ದನ್ನು ರದ್ದಿಗೆ ಹಾಕಬೇಡಿ. ಡ್ಯುಯಲ್ ಬೂಟ್ ಮಾಡಿ, ಇಂಟರ್‌ನೆಟ್, ಬ್ಯಾಂಕು, ಇಮೇಲ್ ಎಲ್ಲ ಲಿನಕ್ಸ್ ಮಿಂಟಿನಲ್ಲಿ, ವಿಂಡೋಸ್ 10ರ ನೆಟ್ ಬಂದ್ ಮಾಡಿ ಅಲ್ಲಿ ನುಡಿ, ಪೇಜ್‌ಮೇಕರ್ ಮಾತ್ರ. ಇಬ್ಬರಿಗೂ ಬೇಕಾದ ಫೈಲಿಗೆ ನಡುವೆ ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯ ಒಂದು ಸಾಮಾಯಿಕ ಪಾಲು ಇಡಿ. ಅದನ್ನು ಎರಡೂ ಕಡೆಯವರು ತೆರೆಯಬಲ್ಲರು, ಆದರೆ ಲಿನಕ್ಸಿನ ಸ್ವಂತ ಪಾಲನ್ನು ವಿಂಡೋಸ್ ಹಾಗೆಯೇ ತೆರೆಯಲಾರದು. ನೆಟ್ ಇಲ್ಲದ ವಿಂಡೋಸಿಗೆ ಅಪ್‌ಡೇಟಿನ ಹಂಗಿಲ್ಲ, ನಡುಮಧ್ಯಾಹ್ನ ಶೇಕಡಾ 30ಕ್ಕೆ ನಿಲ್ಲುವುದೂ ಇಲ್ಲ. ನನ್ನ ಅಂಗಡಿಯ ಹಳೆಯ ಲ್ಯಾಪ್‌ಟಾಪ್ ಈಗ ಹೀಗೇ ನಡೆಯುತ್ತಿದೆ. ದಿನಕ್ಕೆ ಒಂದೇ ಸಲ ದಾಟುತ್ತೇನೆ: ಮುಂಜಾನೆ ವಿಂಡೋಸ್, ಸಂಜೆ ಲಿನಕ್ಸ್. ಹೊಸದರಲ್ಲಿ 16 ಜಿಬಿ ಇದೆ, ವಿಂಡೋಸ್ ಮಾಲೀಕ, ಉಬುಂಟು ಬಾಡಿಗೆಯವನು. ಪ್ರೆಸ್ಸಿನವರ ಫೋನ್ ಬಂದರೆ ಕಿಟಕಿ ಬದಲಿಸಿದರೆ ಸಾಕು.

ಅಕ್ಕನ ಮಗನದು ಆ ರಾತ್ರಿಯ ಮರುದಿನವೇ ತೀರ್ಮಾನವಾಯಿತು. ಸೆಕ್ಯೂರ್ ಬೂಟ್ ಮತ್ತೆ ಆನ್, ಪಾಲಿನ ಮಾತು ಬಂದ್, ಡಬ್ಲ್ಯುಎಸ್‌ಎಲ್ ಹಾಕಿಕೊಂಡ. ಐದನೇ ಸೆಮಿಸ್ಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟಿಗೆ ಕರ್ನಲ್ ಬಿಚ್ಚಬೇಕಾಯಿತಂತೆ, ಈಗ ಎರಡನೇ ಎಸ್‌ಎಸ್‌ಡಿ ಕೇಳುತ್ತಿದ್ದಾನೆ. ಕೊಡಿಸುತ್ತೇನೆ ಅಂದಿದ್ದೇನೆ. ಅವನ ಲ್ಯಾಪ್‌ಟಾಪಿನ 48 ಅಂಕಿಗಳು ಉಳಿದ ಒಂದು ಲಗ್ನಪತ್ರದ ಹಿಂಬದಿಯಲ್ಲಿ, ಆರಾರರ ಎಂಟು ಗುಂಪಾಗಿ, ನನ್ನ ಮೇಜಿನ ಖಾನೆಯಲ್ಲಿವೆ. ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿ, ಭಾವನವರ ಕನ್ನಡಕದ ಡಬ್ಬಿಯೊಳಗೆ.